ಮಸುಕು ಮಾಡಿದ ನಲವತ್ತಾರು ಹೆಸರು

ಫಿಸಿಯೋಥೆರಪಿ ಕಾಲೇಜಿನಲ್ಲಿ ಸೀಟು ಸಿಕ್ಕ ದಿನದಿಂದ ಶಿವಕುಮಾರಿಗೆ ಒಂದು ಕಡೆ ಕೂತಿರಲು ಆಗುತ್ತಿರಲಿಲ್ಲ. ಕಾಂದಿವಲಿಯ ಚಾಳಿನ ಅವರ ಒಂದೇ ಕೋಣೆಯ ಖೋಲಿಯಲ್ಲಿ ಬಾಗಿಲಿನಿಂದ ಬಚ್ಚಲಿನವರೆಗೆ ಏಳು ಹೆಜ್ಜೆ. ಫೋನು ಹಿಡಿದುಕೊಂಡು ಆ ಏಳು ಹೆಜ್ಜೆಯಲ್ಲೇ ಓಡಾಡುತ್ತಿದ್ದಳು. ಮೊದಲ ಕಂತಿನ ಫೀಸನ್ನು ಅಪ್ಪ ಅವ್ವ ಹೇಗೋ ಕಟ್ಟಿದ್ದರು. ಎರಡನೆಯದಕ್ಕೆ ದೀಪಾವಳಿಯೊಳಗೆ ಏನಾದರೂ ದಾರಿ ಕಾಣಬೇಕಿತ್ತು.

ಅವಳ ಅಪ್ಪ ಅಣವೀರಪ್ಪ ಇಂಡಿ ತಾಲೂಕಿನಿಂದ ಬಂದು ಇಪ್ಪತ್ತೆರಡು ವರ್ಷದಿಂದ ಈ ಊರಿನ ಬಿಲ್ಡಿಂಗುಗಳಲ್ಲಿ ಟೈಲ್ಸ್ ಕೂರಿಸುವ ಮಿಸ್ತ್ರಿ. ಮೂರು ವರ್ಷದ ಹಿಂದೆ ಎರಡನೇ ಮಹಡಿಯಿಂದ ಬಿದ್ದು ಸೊಂಟ ಮುರಿದಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯ ಒಬ್ಬ ಹುಡುಗಿ ನಾಲ್ಕು ತಿಂಗಳು ಅವನ ಕಾಲನ್ನು ಎತ್ತಿ, ಮಡಿಸಿ, ಬೈದು, ನಗಿಸಿ ನಡೆಯುವ ಹಾಗೆ ಮಾಡಿದಳು. ಪ್ರತಿದಿನ ಜೊತೆಗೆ ಹೋಗುತ್ತಿದ್ದ ಶಿವಕುಮಾರಿ ಆಗಲೇ ತೀರ್ಮಾನಿಸಿದ್ದಳು, ಕಲಿತರೆ ಇದನ್ನೇ ಎಂದು.

ಒಂದು ಮಧ್ಯಾಹ್ನ ಫೋನಿನಲ್ಲಿ ಜಾಹೀರಾತು ಬಂತು. ‘ಸಾವಿರಾರು ಸ್ಕಾಲರ್‌ಶಿಪ್‌ಗಳು ಅರ್ಜಿದಾರರಿಲ್ಲದೆ ಬಿದ್ದಿವೆ. ನಿಮ್ಮದು ಯಾವುದು?’ ಹೆಸರು, ಅಂಕ, ಮನೆಯ ಆದಾಯ, ಹುಟ್ಟೂರು ತುಂಬಿಸಿ ಬಟನ್ ಒತ್ತಿದಳು. ಹತ್ತು ನಿಮಿಷದೊಳಗೆ ಕರೆ ಬಂತು. ಹಿಂದಿಯಲ್ಲಿ ಶುರು ಮಾಡಿದ ಹೆಣ್ಣುದನಿ ಎರಡನೇ ಮಾತಿಗೆ ಕನ್ನಡಕ್ಕೆ ಹೊರಳಿತು.

“ಹೆಸರು, ಊರು ನೋಡಿಯೇ ಅಂದುಕೊಂಡೆ ಕನ್ನಡದವರು ಅಂತ. ನಾನು ನಮಿತಾ, ಉಡುಪಿ ಕಡೆಯವಳು. ನಿಮಗೆ ನಲವತ್ತಾರು ಸ್ಕಾಲರ್‌ಶಿಪ್ ಮ್ಯಾಚ್ ಆಗ್ತಾ ಉಂಟು. ನಾಳೆ ಅಪ್ಪ ಅಮ್ಮನನ್ನು ಕರ್ಕೊಂಡು ಆಫೀಸಿಗೆ ಬನ್ನಿ.”

ನಲವತ್ತಾರು ಎಂಬ ಅಂಕೆ ಅವಳನ್ನು ಆ ದಿನ ಊಟಕ್ಕೂ ಕೂರಲು ಬಿಡಲಿಲ್ಲ.

ಆಫೀಸು ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿತ್ತು. ಕೆಳಗೆ ಪ್ಲಾಸ್ಟಿಕ್ ಮುಚ್ಚಳ ಒತ್ತುವ ಯಂತ್ರಗಳ ಸದ್ದು, ಮೇಲೆ ಗಾಜಿನ ಬಾಗಿಲು, ಎ.ಸಿ. ನಮಿತಾ ಇಪ್ಪತ್ತೈದರ ಹುಡುಗಿ. ಮೂವರಿಗೂ ನೀರು ಕೊಟ್ಟು ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು. ಒಂದರ ಕೆಳಗೊಂದು ನಲವತ್ತಾರು ಸಾಲು. ಎಷ್ಟು ಹಣ ಎನ್ನುವುದು ಸ್ಪಷ್ಟವಾಗಿತ್ತು. ಯಾರು ಕೊಡುವುದು, ಎಂದಿನೊಳಗೆ ಅರ್ಜಿ ಹಾಕಬೇಕು ಎನ್ನುವುದು ಮಾತ್ರ ಒದ್ದೆ ಬೆರಳಿನಿಂದ ಒರೆಸಿದಂತೆ ಮಸುಕಾಗಿತ್ತು.

“ಹೆಸರ ಯಾಕ ಮಸುಕ ಮಾಡೀರವ್ವಾ?” ಗುರುಬಾಯಿ ಕೇಳಿದಳು. ಶಿವಕುಮಾರಿಯ ಅವ್ವ ಆಕೆ. ಸಮೀಪದ ಟವರಿನ ಮೂರು ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದಳು, ಮಧ್ಯಾಹ್ನದ ಬಿಡುವಿನಲ್ಲಿ ಬಂದಿದ್ದಳು.

“ಆರೂವರೆ ಸಾವಿರ ಕಟ್ಟಿದ ಮೇಲೆ ಅದು ಓಪನ್ ಆಗ್ತದೆ, ಆಂಟಿ.”

“ಆ ಸ್ಕಾಲರ್‌ಶಿಪ್ ಕೊಡಾವ್ರು ನೀವs ಏನು?”

“ಅಲ್ಲ. ಕೊಡುವವರು ಬೇರೆ. ನಾವು ಹುಡುಕಿ ಕೊಡುವುದು, ಲಾಸ್ಟ್ ಡೇಟ್ ನೆನಪು ಮಾಡುವುದು.”

“ಅವರ ಹಂತ್ಯಾಕ ನಾವs ಹೋದ್ರ ಅವರೂ ರೊಕ್ಕ ಕೇಳ್ತಾರೇನು?”

“ಇಲ್ಲ. ಅವರು ಕೇಳುವುದಿಲ್ಲ.”

“ಒಂದೂ ಸಿಗಲಿಲ್ಲಂದ್ರ?”

“ರಿಫಂಡ್ ಉಂಟು ಆಂಟಿ. ನಲವತ್ತಾರಕ್ಕೂ ಅಪ್ಲೈ ಮಾಡಿ, ನಲವತ್ತಾರು ಕಡೆಯಿಂದಲೂ ಇಲ್ಲ ಅಂತ ಲೆಟರ್ ತಂದರೆ ಫುಲ್ ವಾಪಸ್.”

ಅಣವೀರಪ್ಪ ಅಷ್ಟರಲ್ಲಿ ಫೋನು ತೆಗೆದು ಹಣ ಕಳಿಸಲು ಮೇಜಿನ ಮೇಲಿದ್ದ ಕ್ಯೂಆರ್ ಕೋಡಿನ ಎದುರು ಹಿಡಿದಿದ್ದ. ಗುರುಬಾಯಿ ಅವನ ಮೊಣಕೈ ಮುಟ್ಟಿದಳು. “ನಾಳೆ ಹೇಳ್ತೀವವ್ವಾ,” ಎಂದು ಎದ್ದಳು.

ರಸ್ತೆಗಿಳಿದ ಮೇಲೆ ಅಣವೀರಪ್ಪ ನಾಲ್ಕು ಹೆಜ್ಜೆ ಮುಂದೆ ನಡೆದ. ಸಿಗ್ನಲ್ಲಿನ ಹತ್ತಿರ ನಿಂತು ತಿರುಗಿದ.

“ಕೊಟ್ಟಿದ್ರ ಏನ್ ಹೋಗತಿತ್ತು?”

“ನಲವತ್ತಾರು ಮಂದಿ ಕಡಿಂದ ಇಲ್ಲಂತ ಬರಸ್ಕೊಂಡು ಬಾ ಅಂತಾರ. ಇದು ವಾಪಸ್ ಕೊಡೂ ಮಾತs?”

“ನೀ ಹೇಳೂದು ಖರೆ ಇರಬಹುದು. ಆದ್ರ ಮಗಳಿಗೆ ಯಾವ ಕಾಗದ ತಗೊಂಡು ಯಾವ ಬಾಗಲಕ್ಕ ಹೋಗಬೇಕಂತ ಹೇಳಾಕ ನನಗ ಬರೂದಿಲ್ಲ, ನಿನಗೂ ಬರೂದಿಲ್ಲ. ಬರತಿತ್ತಂದ್ರ ನಾ ಯಾಕ ಇವರಿಗೆ ಕೊಡತಿದ್ದೆ?”

ಶಿವಕುಮಾರಿಗೆ ಇಬ್ಬರ ಮೇಲೂ ಸಿಟ್ಟು. ಅಪ್ಪ ಕೇಳದೆ ಕೊಡುವವನು, ಅವ್ವ ಕೇಳಿ ಕೇಳಿ ಕೊಡದವಳು. ನಡುವೆ ತನ್ನ ದಿನಗಳು ಹೋಗುತ್ತಿವೆ. ಮನೆಗೆ ಬಂದು ತಾನೇ ಹುಡುಕಲು ಕೂತಳು. ಒಂದು ಪುಟ ತೆರೆದರೆ ಇನ್ನೊಂದಕ್ಕೆ ಕಳಿಸುತ್ತಿತ್ತು, ಅದು ಮತ್ತೊಂದಕ್ಕೆ. ಕೆಲವು ಹೋದ ವರ್ಷದವು. ಕೆಲವಕ್ಕೆ ಜಾತಿ ಪ್ರಮಾಣಪತ್ರ ಬೇಕು, ಅದೂ ಇಲ್ಲಿನದು, ಊರಿನದು ನಡೆಯುವುದಿಲ್ಲ. ಎರಡು ತಾಸಿನ ಬಳಿಕ ಫೋನನ್ನು ಹಾಸಿಗೆಯ ಮೇಲೆ ಒಗೆದಳು.

ಗುರುಬಾಯಿ ಮರುದಿನ ಒಂದು ಮನೆಯ ಕೆಲಸಕ್ಕೆ ರಜೆ ಹೇಳಿ ತಹಶೀಲ್ದಾರ್ ಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟು ಬಂದಳು. “ರೊಕ್ಕ ಕೊಟ್ಟ ಹುಡುಕಿದ್ರೂ ಅದು ಬೇಕು, ಹಂಗs ಹುಡುಕಿದ್ರೂ ಬೇಕಂತಲ್ಲ,” ಎಂದಳು. ಹದಿನೈದು ದಿನ ಎಂದಿದ್ದರಂತೆ.

ಅದೇ ದಿನ ನಮಿತಾಳ ಕರೆ ಬಂತು. “ನಮ್ಮ ಹಿತೇಶ್ ಸರ್ ಒಂದು ಮಾತು ಹೇಳಿದ್ದಾರೆ. ನಮಗೆ ಕನ್ನಡದ ಫ್ಯಾಮಿಲಿಗಳಿಗೆ ಫೋನ್ ಮಾಡಲಿಕ್ಕೆ ಜನ ಬೇಕು. ನೀನು ಐದು ಜನರನ್ನು ಸೇರಿಸಿದರೆ ನಿನ್ನ ಆರೂವರೆ ಸಾವಿರದ ಫೀಸ್ ಫ್ರೀ. ಮಧ್ಯಾಹ್ನ ನಾಲ್ಕು ತಾಸು ಬಂದರೆ ಸಾಕು. ಕಾಲೇಜು ಶುರುವಾಗಲಿಕ್ಕೆ ಇನ್ನೂ ದಿನ ಉಂಟಲ್ಲ?”

ಅಪ್ಪನ ದುಡ್ಡೂ ಹೋಗುವುದಿಲ್ಲ, ಅವ್ವನ ಮಾತೂ ಉಳಿಯುತ್ತದೆ. ಶಿವಕುಮಾರಿ ಒಪ್ಪಿಕೊಂಡಳು.

ಮೊದಲ ದಿನ ಆಫೀಸಿನವರು ಬರೆದುಕೊಟ್ಟ ಮಾತುಗಳನ್ನು ಕಾಗದ ನೋಡಿಕೊಂಡು ಫೋನಿನಲ್ಲಿ ಓದಿದಳು. ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಕೇಳಲಿಲ್ಲ. ಎರಡನೆಯ ದಿನ ಕಾಗದ ಬದಿಗಿಟ್ಟು, ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದಳು. “ಅಕ್ಕಾರ, ನಾವು ಇಂಡಿ ಕಡ್ಯಾವ್ರು. ನಮ್ಮಪ್ಪನೂ ಮಿಸ್ತ್ರಿ. ನಾನೂ ನಿಮ್ಮ ಮಗಳ ಹಂಗ ಸ್ಕಾಲರ್‌ಶಿಪ್ ಹುಡುಕಾಕತ್ತೀನಿ.” ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆ ಕಡೆಯ ದನಿ ಮೆತ್ತಗಾಗುವುದು ಕೇಳಿಸುತ್ತಿತ್ತು. ಮಾಲಾಡಿನಲ್ಲಿ ಒಂದು ಶಾಲೆಯ ಆಯಾ ಆಗಿದ್ದ ಗಂಗುಬಾಯಿ ಮೊದಲು ಸೇರಿದಳು, ಮಗಳು ನರ್ಸಿಂಗ್ ಓದುತ್ತಿದ್ದಳು. ಆಮೇಲೆ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಸೂಡು ಕಟ್ಟುವ ಲಕ್ಷ್ಮವ್ವ, ಮಗ ಶಿವಪುತ್ರನಿಗಾಗಿ. ವಾರ ತುಂಬುವುದರೊಳಗೆ ಐದು ಕುಟುಂಬಗಳಾದವು. ಹಿತೇಶ್ ಸರ್ ಗಾಜಿನ ಕೋಣೆಯಿಂದ ಹೊರಬಂದು ಕೈಕುಲುಕಿ ಹೋದರು.

ಸಂಜೆ ಲೋಕಲ್ ಗಾಡಿಗಳ ಸದ್ದು ಕೇಳುವ ಆ ಖೋಲಿಯ ಹೊಸ್ತಿಲ ಮೇಲೆ ಕೂತು ಶಿವಕುಮಾರಿ ತನ್ನ ಪಟ್ಟಿ ತೆರೆದಳು. ಮಸುಕು ಹೋಗಿತ್ತು. ಒಂದೊಂದಾಗಿ ನೋಡುತ್ತ ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಒಂದಷ್ಟು ಇಂಜಿನಿಯರಿಂಗಿನವರಿಗೆ. ಒಂದಷ್ಟು ಒಂಬತ್ತು ಹತ್ತನೇ ತರಗತಿಯವರಿಗೆ. ಎಂಟು ಬೇರೆ ರಾಜ್ಯದವು. ಕೆಲವು ಆಗಲೇ ಮುಗಿದವು. ಹತ್ತಕ್ಕೂ ಹೆಚ್ಚು ಸಾಲುಗಳನ್ನು ಒತ್ತಿದರೆ ಸರಕಾರದ ಅದೇ ಒಂದು ಪುಟ ತೆರೆದುಕೊಳ್ಳುತ್ತಿತ್ತು. ಅದನ್ನು ಅವಳು ಮೊದಲ ದಿನವೇ ನೋಡಿದ್ದಳು. ತನಗೆ ಹೊಂದುವಂಥ, ತನಗೆ ಗೊತ್ತಿರದಿದ್ದ ಹೆಸರು ಉಳಿದದ್ದು ಎರಡು. ಒಂದು, ದೊಡ್ಡ ಮೊತ್ತ ಕೊಡುವ ಒಂದು ಟ್ರಸ್ಟು. ಅದಕ್ಕೆ ಅರ್ಜಿಯೊಂದಿಗೆ ಆದಾಯ ಪ್ರಮಾಣಪತ್ರ ಇರಲೇಬೇಕು. ಕೊನೆಯ ದಿನಕ್ಕೆ ಇನ್ನು ನಾಲ್ಕೇ ದಿನ. ಅವ್ವ ಅರ್ಜಿ ಕೊಟ್ಟ ಕಾಗದ ಬರಲು ಏಳು ದಿನ ಬಾಕಿ.

ಈ ಹೆಸರು ಮೊದಲೇ ಕಂಡಿದ್ದರೆ? ಸೀಟು ಸಿಕ್ಕ ದಿನವೇ ಯಾರಾದರೂ ಹೇಳಿದ್ದರೆ? ಅವಳು ಎದ್ದು ಚಾಳಿನ ಉದ್ದಕ್ಕೂ ನಡೆದಳು, ತಿರುಗಿ ಬಂದಳು, ಮತ್ತೆ ನಡೆದಳು. ನೀರು ತುಂಬುತ್ತಿದ್ದವರು, “ಏನ್ ಕಳ್ಕೊಂಡೀಯವ್ವಾ?” ಎಂದು ಕೇಳಿದರು.

ಮರುದಿನ ಆಫೀಸಿಗೆ ಹೊರಟಿದ್ದಾಗ ಲಕ್ಷ್ಮವ್ವನ ಫೋನು ಬಂತು. ಮಾರ್ಕೆಟ್ಟಿನ ಗದ್ದಲದ ನಡುವೆ ಆಕೆ ಕೂಗಿ ಮಾತಾಡುತ್ತಿದ್ದಳು.

“ತಂಗೀ, ಪಟ್ಟಿ ಬಂದೈತಿ. ಎಲ್ಲಾ ಇಂಗ್ಲೀಷ್. ನಮ್ಮ ಶಿವಪುತ್ರ ನೋಡಿ ಇದರಾಗ ನನ್ನ ಕೋರ್ಸಿಂದು ಏನೂ ಇಲ್ಲ ಅಂತಾನ. ಆಫೀಸಿಗೆ ಫೋನ್ ಹಚ್ಚಿದ್ರ ಎತ್ತವಲ್ಲರು. ನೀ ಒಮ್ಮೆ ಬಂದು ನೋಡ್ತೀಯೇನು?”

“ಬರ್ತೀನ್ರಿ.”

“ನಿನಗರ ಸಿಕ್ಕತೇನವ್ವಾ?”

ಶಿವಕುಮಾರಿ ಫೋನು ಕಿವಿಗೆ ಒತ್ತಿಕೊಂಡು ನಿಂತಳು. “ಇಲ್ರಿ, ನನಗೂ ಸಿಕ್ಕಿಲ್ಲ.”

ಲಕ್ಷ್ಮವ್ವ ಬೈಯಲಿಲ್ಲ. “ನಾ ಯಾರ ಮಾತಿಗೂ ರೊಕ್ಕ ಬಿಚ್ಚಾಕಿ ಅಲ್ಲ. ನಿನ್ನ ದನಿ ಕೇಳಿ ಕೊಟ್ಟೆ,” ಎಂದಳು. ಆಮೇಲೆ ಯಾರೋ ಕರೆದರು, ಫೋನು ಇಟ್ಟಳು.

ಆ ದಿನ ಶಿವಕುಮಾರಿ ಆಫೀಸಿನಲ್ಲಿ ಒಂದು ನಂಬರನ್ನೂ ಒತ್ತಲಿಲ್ಲ. ಹಿತೇಶ್ ಸರ್ ಹತ್ತಿರ ಹೋಗಿ ಲಕ್ಷ್ಮವ್ವನ ಹಣ ತಿರುಗಿ ಕೊಡಲಾಗುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದಳು. ಅವರು ಕಂಪ್ಯೂಟರಿನಿಂದ ಕಣ್ಣೆತ್ತದೆ, ಅವರ ಪಟ್ಟಿಯ ಎಲ್ಲ ಕಡೆಯೂ ಅರ್ಜಿ ಹಾಕಲು ಹೇಳು, ಆಮೇಲೆ ನೋಡೋಣ ಎಂದರು.

ನಮಿತಾ ಅವಳನ್ನು ಚಹಾದ ನೆಪದಲ್ಲಿ ಕೆಳಗೆ ಕರೆದುಕೊಂಡು ಹೋದಳು. ಮುಚ್ಚಳ ಒತ್ತುವ ಯಂತ್ರಗಳ ಸದ್ದಿನಲ್ಲಿ ಅವಳ ಮಾತು ಪಕ್ಕದವರಿಗೂ ಕೇಳುವಂತಿರಲಿಲ್ಲ.

“ಸೇರುವಾಗ ಅವರು ಸೈನ್ ಮಾಡಿ ಕಳಿಸಿದ ಕಾಗದದ ಎರಡನೇ ಪುಟದಲ್ಲಿ ಉಂಟು. ಸೇರಿದ ಏಳು ದಿನದೊಳಗೆ ಬೇಡ ಅಂತ ಬರೆದು ಕೊಟ್ಟರೆ ಕಾರಣ ಕೇಳದೆ ವಾಪಸ್ ಕೊಡಬೇಕು. ಯಾರೂ ಓದುವುದಿಲ್ಲ. ಕೈಯಲ್ಲಿ ಬರೆದು, ಸಹಿ ಹಾಕಿ, ಇಲ್ಲಿಯ ಸೀಲು ಹಾಕಿಸಿಕೊಳ್ಳಬೇಕು.”

“ನೀವು ಯಾಕ ಮೊದಲ ಹೇಳಲಿಲ್ಲ?”

“ನಾನು ಇಲ್ಲಿ ಕೆಲಸ ಮಾಡುವುದಲ್ವಾ,” ಎಂದಳು ನಮಿತಾ. ಚಹಾದ ಲೋಟ ಇಟ್ಟು, “ನಾನು ಹೇಳಿದ್ದು ಅಂತ ಎಲ್ಲಿಯೂ ಹೇಳಬೇಡ,” ಎಂದಳು.

ಶಿವಕುಮಾರಿ ಮೆಟ್ಟಿಲ ಮೇಲೆ ನಿಂತು ಬೆರಳು ಮಡಿಸಿದಳು. ಗಂಗುಬಾಯಿ ಸೇರಿ ಇವತ್ತಿಗೆ ಎಂಟನೇ ದಿನ. ಲಕ್ಷ್ಮವ್ವನದು ಆರನೇ ದಿನ. ಉಳಿದ ಮೂವರದು ಅದಕ್ಕಿಂತ ಕಡಿಮೆ.

ಅಲ್ಲಿಂದಲೇ ಸ್ಟೇಷನ್ನಿಗೆ ನಡೆದಳು. ದಾದರಿನಲ್ಲಿ ಗಾಡಿ ಬದಲಾಯಿಸಿ ಬೈಕುಲ್ಲಾ ಮುಟ್ಟಿದಾಗ ನಾಲ್ಕು ಗಂಟೆ. ಲಕ್ಷ್ಮವ್ವ ಗೋಣಿಚೀಲದ ಮೇಲೆ ಕೂತು ಕೊತ್ತಂಬರಿ ಕಟ್ಟುತ್ತಿದ್ದಳು. ಫೋನಿನ ದನಿಯಿಂದ ದೊಡ್ಡ ಹೆಂಗಸನ್ನು ಊಹಿಸಿದ್ದ ಶಿವಕುಮಾರಿಗೆ ಆಕೆ ಇಷ್ಟು ಸಣ್ಣ ಆಳು ಎಂದು ನಂಬಲಾಗಲಿಲ್ಲ. ಪತ್ರವನ್ನು ಇವಳೇ ಬರೆದಳು. ಲಕ್ಷ್ಮವ್ವ ಹಸಿರಾದ ಬೆರಳನ್ನು ಸೆರಗಿಗೆ ಒರೆಸಿಕೊಂಡು ನಿಧಾನವಾಗಿ ಸಹಿ ಮಾಡಿದಳು.

“ನೀ ಅವರ ಕಡ್ಯಾಕಿನೋ, ನಮ್ಮ ಕಡ್ಯಾಕಿನೋ?” ಎಂದು ಕೇಳಿದಳು.

“ನಿನ್ನೆ ತನಕ ಅವರ ಕಡಿ ಇದ್ದೆರಿ.”

“ಆತು, ಹೋಗು. ಗಾಡಿ ಗರ್ದಿ ಆಗ್ತಾವ.”

ಉಳಿದ ಮೂವರಲ್ಲಿ ಇಬ್ಬರ ಪತ್ರ ಮರುದಿನ ಬೆಳಿಗ್ಗೆ ಸಿಕ್ಕಿತು. ಮೂರನೆಯವರು, ಮೀರಾ ರೋಡಿನ ಒಬ್ಬ ರಿಕ್ಷಾ ಚಾಲಕ, ಸಹಿ ಹಾಕಲು ಒಪ್ಪಲಿಲ್ಲ. “ಇರಲಿ ಬಿಡವ್ವಾ. ಅದರಾಗ ಒಂದರ ಹತ್ತಿದ್ರ? ನನ್ನ ಮಗಾ ದಿನಾ ಅದನ್ನ ತಗದು ನೋಡ್ತಾನ,” ಎಂದ. ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಆ ಆಸೆ ಎಂಥದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಅದೇ ಮಧ್ಯಾಹ್ನ ಮೂರು ಪತ್ರ ಹಿಡಿದು ಆಫೀಸಿಗೆ ಹೋಗುವಾಗ ಅಣವೀರಪ್ಪ ತಾನೂ ಬರುತ್ತೇನೆಂದ. ಸೈಟಿನಿಂದ ನೇರ ಬಂದಿದ್ದ, ಮೊಣಕಾಲಿಗೆ ಸಿಮೆಂಟು ಮೆತ್ತಿತ್ತು. ಅವನು ಬಾಗಿಲಿನ ಹತ್ತಿರ ನಿಂತ. ಹಿತೇಶ್ ಸರ್ ಪತ್ರಗಳನ್ನು ಓದಿದರು. ಎರಡನೇ ಪುಟದ ಸಾಲನ್ನು ಶಿವಕುಮಾರಿ ಬೆರಳಿಟ್ಟು ತೋರಿಸಿದಳು. ಅವರು ಜಗಳವಾಡಲಿಲ್ಲ. ಇಷ್ಟು ಚುರುಕಿನ ಹುಡುಗಿ ಇಲ್ಲೇ ಸಂಬಳಕ್ಕೆ ಇರಬಹುದಿತ್ತಲ್ಲ ಎಂದರು. ಆಮೇಲೆ ಸೀಲು ಒತ್ತಿದರು. ಐದರಲ್ಲಿ ಮೂರು ಹೋದವು, ಹಾಗಾಗಿ ಅವಳ ಉಚಿತ ಪಟ್ಟಿಯೂ ರದ್ದು ಎಂದರು. ನಮಿತಾ ತನ್ನ ಮೇಜಿನಲ್ಲಿ ಯಾರಿಗೋ ಫೋನಿನಲ್ಲಿ ಸ್ಕಾಲರ್‌ಶಿಪ್ ವಿವರಿಸುತ್ತಿದ್ದಳು, ಇವರ ಕಡೆ ನೋಡಲಿಲ್ಲ.

ಹೊರಗೆ ಬಂದ ಮೇಲೆ ಅಣವೀರಪ್ಪ ಕೇಳಿದ, “ಹೆಸರ ಬರ್ಕೊಂಡೀಯಲ್ಲ?”

“ಬರ್ಕೊಂಡೀನಿ, ಅಪ್ಪಾ.”

“ಹಂಗಾದ್ರ ರದ್ದಾಗಲಿ.”

ಟ್ರಸ್ಟಿನ ಕೊನೆಯ ದಿನ ಬಂದು ಹೋಯಿತು. ಆ ಸಂಜೆ ಶಿವಕುಮಾರಿ ಅರ್ಜಿಯ ಪುಟವನ್ನು ತೆರೆದಿಟ್ಟುಕೊಂಡು ಖೋಲಿಯಲ್ಲಿ ಸುತ್ತುತ್ತಲೇ ಇದ್ದಳು. ಆರು ಗಂಟೆಗೆ ಪುಟ ಮುಚ್ಚಿತು. ಗುರುಬಾಯಿ ಸ್ಟೋವಿನ ಮುಂದೆ ರೊಟ್ಟಿ ಬಡಿಯುತ್ತ, “ಕೂಡು, ಬಿಸಿ ಐತಿ,” ಎಂದಳು. ಅವಳು ನಿಂತೇ ತಿಂದಳು.

ಎರಡನೆಯ ಹೆಸರು ಮಾಟುಂಗದ ಒಂದು ಕನ್ನಡ ಸಂಘದ್ದು. ಆದಾಯ ಪ್ರಮಾಣಪತ್ರ ಕೈಗೆ ಬಂದ ಮರುದಿನವೇ ಅವ್ವ ಮಗಳು ಹೋದರು. ಒಂದು ಹಳೆಯ ಬಿಲ್ಡಿಂಗಿನ ಮೊದಲ ಮಹಡಿ. ವಿದ್ಯಾರ್ಥಿವೇತನದ ಕೆಲಸ ನೋಡಿಕೊಳ್ಳುವ ರಮಾನಾಥ ಎಂಬುವರು ಬಿಳಿ ಶರಟಿನ, ಎಪ್ಪತ್ತರ ಮನುಷ್ಯ. ಹೋಟೆಲಿನ ಗಲ್ಲಾದಲ್ಲಿ ನಲವತ್ತು ವರ್ಷ ಕೂತು ನಿವೃತ್ತರಾದವರು. ಅರ್ಜಿಯನ್ನು ತಿರುವಿ ಹಾಕಿ ಕೇಳಿದರು, “ನಮ್ಮ ವಿಷಯ ನಿಮಗೆ ಹೇಗೆ ಗೊತ್ತಾಯ್ತು?”

ಶಿವಕುಮಾರಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಫೋನು ಮಾಡಿ ಜನರನ್ನು ಸೇರಿಸಿದ್ದನ್ನೂ ಬಿಡಲಿಲ್ಲ. ರಮಾನಾಥರು ಬಾಗಿಲಿನ ಕಡೆ ಕೈ ತೋರಿಸಿದರು.

“ಜೂನ್‌ನಿಂದ ಆ ಬಾಗಿಲಿಗೆ ನೋಟೀಸು ಅಂಟಿಸಿ ಉಂಟು. ನೋಡಿ, ಬಂದ ಅರ್ಜಿ ಒಂಬತ್ತೇ. ಎಂತ ಮಾಡುವುದು? ಜನ ಬರುವುದಿಲ್ಲ ಅಂತ ನಾವು ಬೇಜಾರು ಮಾಡಿಕೊಂಡು ಕೂತದ್ದು. ಅವರು ನಮ್ಮ ಹೆಸರನ್ನೇ ಮುಚ್ಚಿ ಮಾರುವುದು.”

“ಕಾಂದಿವಲಿ ಚಾಳಿನಾಗ ಇದ್ದಾವರಿಗೆ ಈ ಬಾಗಲ ಹ್ಯಾಂಗ ಕಾಣಬೇಕ್ರಿ, ಅಣ್ಣಾರ?” ಗುರುಬಾಯಿ ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ.

ರಮಾನಾಥರು ತಲೆಯಾಡಿಸಿದರು. “ಅದೂ ಸರಿಯೇ,” ಎಂದು ಅರ್ಜಿಯ ಮೇಲೆ ತಾರೀಕು ಬರೆದರು.

ಮೂರು ವಾರದ ಮೇಲೆ ಹಣ ಮಂಜೂರಾಯಿತು. ಎರಡನೆಯ ಕಂತಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಉಳಿದದ್ದನ್ನು ತಿಂಗಳು ತಿಂಗಳು ಕಟ್ಟಲು ಕಾಲೇಜಿನವರು ಒಪ್ಪಿದರು. ಸುದ್ದಿ ಬಂದ ದಿನ ಗುರುಬಾಯಿ ಮಗಳನ್ನು ಕೇಳಿದಳು:

“ಆ ಪಟ್ಟ್ಯಾಗ ಇದ್ದ ಹೆಸರs ಅಲ್ಲ ಇದು? ಹಂಗಾದ್ರ ಅವತ್ತ ನಿಮ್ಮಪ್ಪ ಆರೂವರೆ ಸಾವಿರ ಕೊಟ್ಟಿದ್ರ ದಂಡ ಆಗತಿದ್ದಿಲ್ಲ ಅಂತೀಯೇನು?”

ಶಿವಕುಮಾರಿ ಯೋಚಿಸಿದಳು. ಕೊಟ್ಟಿದ್ದರೆ ಟ್ರಸ್ಟಿನ ಹೆಸರು ಒಂದು ವಾರ ಮೊದಲು ಸಿಗುತ್ತಿತ್ತು. ಆದರೂ ಆದಾಯದ ಕಾಗದ ಬಂದಿರುತ್ತಿರಲಿಲ್ಲ. ಮಾಟುಂಗದ ಹೆಸರಂತೂ ಸಿಗುತ್ತಿತ್ತು. ಒಂದು ಸಲ ಮಾಟುಂಗಕ್ಕೆ ಹೋಗಿ ಆ ಬಾಗಿಲು ನೋಡಿದ್ದರೂ ಸಿಗುತ್ತಿತ್ತು. “ಗೊತ್ತಾಗವಲ್ದವ್ವಾ,” ಎಂದಳು. “ಲಕ್ಷ್ಮವ್ವಗ ಕೇಳಿದ್ರ ಬ್ಯಾರೆ ಹೇಳ್ತಾಳ.”

ಅಣವೀರಪ್ಪ ಗೋಡೆಗೆ ಒರಗಿ ಕೂತಿದ್ದ. “ನನಗ ಕೇಳಿದ್ರ, ನಾ ಈಗೂ ಕೊಡತಿದ್ದೆ,” ಎಂದ.

ಲಕ್ಷ್ಮವ್ವನ ಹಣ ತಿರುಗಿ ಬಂದಿತ್ತು. ಶಿವಪುತ್ರನ ಕೋರ್ಸಿಗೆ ಹೊಂದುವುದನ್ನು ಬೇರೆ ಕಡೆ ಹುಡುಕಿ, ಅರ್ಜಿಗಳನ್ನು ಇವಳೇ ಕೂತು ತುಂಬಿಸಿದ್ದಳು. ರಿಕ್ಷಾದವನಿಗೂ ಎರಡು ಸಲ ಫೋನು ಮಾಡಿ, ಮಗನಿಗೆ ಆಗುವಂಥದ್ದು ಯಾವುದು ಎಂದು ಗುರುತು ಹಾಕಿ ಕಳಿಸಿದ್ದಳು. ಗಂಗುಬಾಯಿ ಮಾತ್ರ ಫೋನೆತ್ತುತ್ತಿರಲಿಲ್ಲ. ಅವಳದೊಂದೇ ಪತ್ರ ಬರೆಯಲಾಗದೆ ಹೋದದ್ದು, ಏಳು ದಿನದ ಗಡುವು ಒಂದು ದಿನ ಮೀರಿದ್ದರಿಂದ.

ಕಾಲೇಜು ಶುರುವಾಗಿ ಎರಡನೇ ಭಾನುವಾರ ಶಿವಕುಮಾರಿ ವಿಳಾಸ ಹುಡುಕಿಕೊಂಡು ಮಾಲಾಡಿಗೆ ಹೋದಳು. ಬಾಗಿಲು ತೆರೆದ ಹೆಂಗಸು ಅವಳ ಮುಖ ನೋಡಿ ಯಾರೆಂದು ಕೇಳಿದಳು. ಇವಳು ಬಾಯಿ ತೆರೆಯುತ್ತಿದ್ದಂತೆ ದನಿಯ ಗುರುತು ಸಿಕ್ಕಿತು. ಗಂಗುಬಾಯಿ ಬಾಗಿಲಿಗೆ ಅಡ್ಡವಾಗಿ ನಿಂತಳು.

“ಮತ್ತೇನು ಮಾರಾಕ ಬಂದೀ?”

“ಏನಿಲ್ರಿ. ನಿಮ್ಮ ಮಗಳ ಕಾಗದ ನೋಡಾಕ ಬಂದೀನಿ. ನರ್ಸಿಂಗಿಗೆ ಎರಡ ಅದಾವ, ಫುಕ್ಕಟ ಅರ್ಜಿ. ಒಂದರದು ಈ ತಿಂಗಳ ಕಡೀಗೆ ಮುಗೀತೈತಿ.”

ಒಳಗೆ ಬಟ್ಟೆ ಮಡಿಸುತ್ತಿದ್ದ ಹುಡುಗಿ ಕೈ ನಿಲ್ಲಿಸಿ ಇತ್ತ ನೋಡುತ್ತಿದ್ದಳು. ಗಂಗುಬಾಯಿ ಮಗಳ ಕಡೆ ತಿರುಗಿ ನೋಡಿ ಪಕ್ಕಕ್ಕೆ ಸರಿದಳು. ಕಪಾಟಿನ ಮೇಲಿಂದ ಮಗಳ ಕಾಗದಗಳಿದ್ದ ಪ್ಲಾಸ್ಟಿಕ್ ಚೀಲ ಇಳಿಸಿ ನೆಲದ ಮೇಲೆ ಇಟ್ಟಳು. ಶಿವಕುಮಾರಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು.